ಎಡಕ್ಕೆ ಸುತ್ತಿದ ಗಂಟು

ಕೋಲಸ್ ಎಡಚ. ಅವನು ಕಟ್ಟಿದ ಗಂಟು ಎಡಕ್ಕೆ ಸುತ್ತಿಕೊಳ್ಳುತ್ತಿತ್ತು.

ಲ್ಯಾವ್ ಮೇಸ್ತ್ರಿಯ ಕೈಕೆಳಗೆ ಕಂಬಿ ಕಟ್ಟುವವರು ಇಪ್ಪತ್ತೆರಡು ಜನ. ಎಲ್ಲರೂ ಅಮಿಸ್ ಎಂಬ ಬುಡಕಟ್ಟಿನ ಜನ. ಎಲ್ಲರೂ ಪೂರ್ವದ ಕಡಲ ದಂಡೆ ಬಿಟ್ಟು ಬಂದು, ತೈಪೆಯ ಹೊರಗೆ, ಸೇತುವೆಯ ಕೆಳಗೆ ಹೊಳೆಯ ಮಗ್ಗುಲಲ್ಲಿ ಹಟ್ಟಿ ಹಾಕಿಕೊಂಡವರು. ಅವರಲ್ಲಿ ಇಪ್ಪತ್ತೊಂದು ಜನ ಬಲಗೈಯವರು. ಎರಡು ಕಂಬಿ ಅಡ್ಡಹಾಯುವ ಕಡೆ ಮಡಿಚಿದ ತಂತಿ ತೂರಿಸಿ, ತಂತಿಯ ಕಿವಿಗೆ ಕೊಕ್ಕೆ ಸಿಕ್ಕಿಸಿ, ಮಣಿಕಟ್ಟನ್ನು ಮೂರು ಸಲ ತಿರುಗಿಸಿದರೆ ಗಂಟಿನ ಜುಟ್ಟು ಬಲಕ್ಕೆ ಸುತ್ತುತ್ತದೆ. ಕೋಲಸ್‌ನದು ಮಾತ್ರ ಎಡಕ್ಕೆ. ಕಂಬಿಯ ಜಾಲರಿ ನೋಡಿದರೆ ಸಾಕು, ಅವನು ಎಲ್ಲಿಂದ ಎಲ್ಲಿಯವರೆಗೆ ನಿಂತಿದ್ದ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

"ಎಡಚನ್ನ ತಂದು ಮನೆ ತುಂಬಿಸ್ಕೊಂಡಿದೀಯ. ಅವನು ಹಾಕಿದ ಗಂಟು ಬಿಚ್ಚಬೇಕಂದ್ರೂ ಅವನೇ ಬರ್ಬೇಕು," ಎಂದು ಪಕ್ಕದ ಮನೆಯ ಒಸಯ್ ಕೋಲಸ್‌ನ ಹೆಂಡತಿ ಹಫಯ್‌ಗೆ ಅಣಕಿಸುತ್ತಿದ್ದಳು. ಹಫಯ್ ನಗುತ್ತಿದ್ದಳು. ಅವರ ಜನದಲ್ಲಿ ಮನೆ ಹೆಂಗಸಿನದು. ಗಂಡ ಅಲ್ಲಿಗೆ ಬಂದವನು. ಬಂದವನು ಇಪ್ಪತ್ತು ವರ್ಷ ಇದ್ದ. ಕಂಬಿಯ ಮೇಲೆ ಅವನು, ಕೆಳಗೆ ಅವಳು. ಜೋಡಿ ಎತ್ತು ಎನ್ನುತ್ತಿದ್ದರು ಜನ.

ಕಾಂಕ್ರೀಟ್ ಸುರಿಯುವವರೆಗೆ ಮಾತ್ರ ಗಂಟು ಕಾಣುತ್ತದೆ. ಆಮೇಲೆ ಯಾರ ಗಂಟೂ ಇಲ್ಲ, ಯಾರ ಕೈಯೂ ಇಲ್ಲ. ಗೋಡೆ ಬಿಲ್ಡರಿನದು.

ಕೋಲಸ್ ಕೊನೆಗೆ ಕಟ್ಟಿದ ಗೋಡೆಗೆ ಕಾಂಕ್ರೀಟ್ ಬೀಳಲಿಲ್ಲ. ಅದಕ್ಕೆ ಮೊದಲೇ ಕಂಬಿ ಬಿತ್ತು. ಮೂರಾಳೆತ್ತರದ ನೆಲಮಾಳಿಗೆ ಗೋಡೆಯ ಕಂಬಿ ಒಟ್ಟಿಗೇ ವಾಲಿ, ನಡು ಮುರಿದ ಹಾಗೆ ಮಡಿಚಿ, ಕೋಲಸ್‌ನ ಮೇಲೆ ಬಿತ್ತು. ಇಪ್ಪತ್ತೊಂದು ಜನ ಕೈಯಲ್ಲಿ ಎತ್ತಲು ನೋಡಿದರು. ಅದು ಅಲುಗಲಿಲ್ಲ. ಕ್ರೇನ್ ಬರುವಷ್ಟರಲ್ಲಿ ಅವನು ಮಾತು ನಿಲ್ಲಿಸಿದ್ದ. ಅಲ್ಲಿಯವರೆಗೆ ಮಾತಾಡುತ್ತಿದ್ದ. "ಕೈ ಹುಷಾರು, ಹಫಯ್, ಚೂಪಿದೆ," ಎಂದಿದ್ದ.

ಅದಾಗಿ ಐದು ದಿನ. ಗುಡ್ಡದ ಮೇಲೆ ಮಣ್ಣು ಮಾಡಿಯಾಗಿತ್ತು. ಪಾದ್ರಿ ಪ್ರಾರ್ಥನೆ ಮಾಡಿ ಹೋಗಿದ್ದರು. ಉಳಿದದ್ದು ಮೀನು.

ಮಣ್ಣಾದ ಮೇಲೆ ಹಟ್ಟಿಯವರು ಹೊಳೆಗಿಳಿದು ಮೀನು ಹಿಡಿಯಬೇಕು. ಅದನ್ನು ಒಂದೇ ಪಾತ್ರೆಯಲ್ಲಿ ಬೇಯಿಸಬೇಕು. ಸತ್ತವನ ಮನೆಯೊಡತಿ ಮೊದಲ ತುತ್ತು ತಿನ್ನಬೇಕು, ಆಮೇಲೆ ಎಲ್ಲರೂ ತಿನ್ನಬೇಕು. ಅದಕ್ಕೆ ಪಾಕಲಂಗ್ ಎನ್ನುತ್ತಾರೆ. ಅಲ್ಲಿಗೆ ಸಾವು ಮುಗಿಯಿತು. ಮಾರನೆಯ ದಿನ ಕೆಲಸ. ಅಲ್ಲಿಯವರೆಗೆ ಸಾವಿನ ಮನೆಯಲ್ಲಿ ಕೂತೆದ್ದವರು ಯಾರೂ ಹತಾರ ಮುಟ್ಟುವಂತಿಲ್ಲ. ಮುಟ್ಟಿದರೆ ಸತ್ತವನು ಹತಾರದ ಹಿಂದೆಯೇ ಕೆಲಸಕ್ಕೆ ಬರುತ್ತಾನೆ. ಹಟ್ಟಿಯಲ್ಲಿ ಪೂಜೆ ಬಿಟ್ಟವರಿದ್ದರು, ಪಾದ್ರಿಯನ್ನು ಬಿಟ್ಟವರಿದ್ದರು. ಇದನ್ನು ಬಿಟ್ಟವರು ಒಬ್ಬರೂ ಇರಲಿಲ್ಲ.

ಬೆಳಿಗ್ಗೆಯೇ ಗಂಡಸರು ಬಲೆ ಹಿಡಿದು ಹೊಳೆಗಿಳಿದಿದ್ದರು. ಹಫಯ್ ಬಾಗಿಲಲ್ಲಿ ಕೂತು, ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಮೊದಲ ಸಲ ಬಿಚ್ಚಿದಳು. ಕತ್ತರಿಸಿ ತೆಗೆದ ಅಂಗಿ. ಒಂದು ಬೂಟು. ಸೊಂಟದ ಪಟ್ಟಿ. ಪಟ್ಟಿಗೆ ಸಿಕ್ಕಿಸಿದ್ದ ಕೊಕ್ಕೆ.

ಕೊಕ್ಕೆ ಅವನೇ ಮಾಡಿಕೊಂಡದ್ದು. ಬೆರಳುದಪ್ಪದ ಕಂಬಿಯ ತುದಿ ಕಾಯಿಸಿ, ಬಗ್ಗಿಸಿ, ಮೂತಿ ಅರೆದು, ಹಿಡಿಗೆ ನೀರಿನ ಪೈಪಿನ ತುಂಡು ತೊಡಿಸಿದ್ದ. ಹಿಡಿಯೊಳಗೆ ಕಂಬಿ ತಿರುಗುತ್ತಿತ್ತು. ಅಂಗಡಿಯ ಕೊಕ್ಕೆಗಿಂತ ಹಗುರ. ಇದೇ ರೀತಿ ಅವಳಿಗೂ ಒಂದು ಮಾಡಿಕೊಟ್ಟಿದ್ದ. ಅವಳದರ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದ. ಅವಳ ಅಂಗೈ ಬಿರಿಯುತ್ತಿತ್ತು ಎಂದು.

ಪಟ್ಟಿಯಲ್ಲಿ ತಂತಿಯ ಕಟ್ಟೂ ಇತ್ತು. ಅರ್ಧ ಖಾಲಿ. ತುಕ್ಕು ಹಿಡಿದ, ಸೊಟ್ಟ ತಂತಿ.

ಹಫಯ್ ಮುಟ್ಟದೆ, ಬಗ್ಗಿ ಅದನ್ನು ನೋಡಿದಳು.

ಆ ತಂತಿ ಕಂಪನಿಯದಲ್ಲ.

ಆ ಗೋಡೆ ಶುರುವಾದ ದಿನ ಲ್ಯಾವ್ ಮೇಸ್ತ್ರಿ ತಂತಿ ಹಂಚಿದ್ದ. ದಿನಕ್ಕೆ ಆಳಿಗೆ ಆರು ಕಟ್ಟು ಕೊಡುವವನು ಎರಡೇ ಕಟ್ಟು ಕೊಟ್ಟ.

"ಮೇಸ್ತ್ರಿ, ಇದು ಸಾಲಲ್ಲ," ಎಂದಿದ್ದ ಕೋಲಸ್.

"ಮೂರು ಕಡೆಗೆ ಒಂದು ಗಂಟು ಹಾಕು, ಸಾಲ್ತದೆ."

"ಮೂರಕ್ಕೊಂದು ಕಟ್ಟಿದ್ರೆ ನಿಲ್ಲಲ್ಲ. ಮೂರಾಳು ಎತ್ತರ ಇದೆ."

"ಆಸರೆ ಕಂಬ ಕೊಟ್ಟಿಲ್ವ? ಅದು ನಿಲ್ಲಿಸ್ತದೆ. ಶನಿವಾರ ಕಾಂಕ್ರೀಟ್. ಕಾಂಕ್ರೀಟ್ ಬಿದ್ಮೇಲೆ ನಿನ್ನ ಗಂಟು ನೋಡಕ್ಕೆ ನಿನ್ನ ತಾತ ಬರ್ತಾನಾ? ಹತ್ತಪ್ಪ, ಹತ್ತು. ನೀವು ಮಾತಾಡಕ್ಕೆ ಹುಟ್ಟಿದೋರಲ್ಲ, ಹತ್ತಕ್ಕೆ ಹುಟ್ಟಿದೋರು. ಕಾಡುಮಂದಿ."

ಬೇರೆಯವರು ನಕ್ಕರು. ಮೇಸ್ತ್ರಿ ಬೈಯುವಾಗ ನಗುವುದು ಎಲ್ಲರಿಗೂ ರೂಢಿಯಾಗಿತ್ತು. ಹಫಯ್ ಸಹ ನಕ್ಕಳು.

ಅವತ್ತು ಸಂಜೆ ಕೋಲಸ್ ಗುಜರಿ ರಾಶಿಯಿಂದ ಹಳೆಯ ತಂತಿ ಬಾಚಿಕೊಂಡು ಬಂದ. ಮನೆಯ ಮುಂದಿನ ಕಲ್ಲಿನ ಮೇಲೆ ಒಂದೊಂದನ್ನೇ ಇಟ್ಟು ಸುತ್ತಿಗೆಯಿಂದ ನೇರ ಮಾಡಿದ. ಮಡಿಚಿದ. ಕಟ್ಟು ಕಟ್ಟಿದ. ಎರಡು ಸಂಜೆ ಅದೇ ಕೆಲಸ.

"ಕಂಪನಿ ಗೋಡೆಗೆ ನಿನ್ನ ತಂತಿ ಯಾಕೋ? ತಲೆ ಕೆಟ್ಟಿದ್ಯಾ?" ಎಂದಳು ಹಫಯ್.

"ಗೋಡೆ ಕಂಪನಿದು. ಅದರ ಮೇಲೆ ನಿಂತಿರೋನು ನಾನಲ್ವ?"

ಮೂರನೆಯ ದಿನ ಬೆಳಿಗ್ಗೆ ಅವನು ಅವಳಿಗೂ ಎರಡು ಕಟ್ಟು ಚಾಚಿದ. "ಇಟ್ಕೋ. ಕೆಳಗಿನ ಸಾಲು ಗಟ್ಟಿ ಇರ್ಬೇಕು."

ಅವಳು ತೆಗೆದುಕೊಳ್ಳಲಿಲ್ಲ. ನಡು ನೋಯುತ್ತಿತ್ತು. ತಂತಿಯ ಕಟ್ಟು ಭಾರ. ಹಳೆಯ ತಂತಿ ಬೆರಳು ಕುಯ್ಯುತ್ತದೆ. ಮೇಲಾಗಿ ಎಲ್ಲ ಗಂಟನ್ನೂ ಕಟ್ಟಿದರೆ ನಿಧಾನವಾಗುತ್ತದೆ, ಮೇಸ್ತ್ರಿ ಎಲ್ಲರೆದುರು ಕೂಗುತ್ತಾನೆ. "ನೀನೇ ಇಟ್ಕೋ, ನಂಗೆ ಬೇಡ," ಎಂದಳು.

ಅವನು ಮೇಲೆ ಎಲ್ಲ ಗಂಟನ್ನೂ ಕಟ್ಟಿದ. ಅವಳು ಕೆಳಗೆ ಮೂರಕ್ಕೊಂದು ಕಟ್ಟಿದಳು. ಬಾಗಿದ ನಡು, ಬಾಗಿದ ಕುತ್ತಿಗೆ. ಒಂದು ಕಟ್ಟು, ಎರಡು ಬಿಡು. ಒಂದು ಕಟ್ಟು, ಎರಡು ಬಿಡು. ಊಟದ ಹೊತ್ತಿಗೆ ಬಡಗಿಗಳು ಹಲಗೆ ಜೋಡಿಸಲು ಅಡ್ಡ ಬರುತ್ತದೆಂದು ಆಸರೆ ಕಂಬಗಳನ್ನು ಕಿತ್ತರು. ಮೇಸ್ತ್ರಿಯೇ ಕೀಳಿಸಿದ. ಕೋಲಸ್ ಊಟ ಮುಗಿಸಿ ಮತ್ತೆ ಹತ್ತಿದ. ಅವಳು ನೀರು ಕುಡಿಯಲು ಆಚೆಗೆ ಹೋಗಿದ್ದಳು. ಅದಕ್ಕೇ ಬದುಕಿದಳು.

ಮಡಿಚಿಕೊಂಡದ್ದು ಕೆಳಗಿನ ಸಾಲು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಐದು ದಿನದಿಂದ ಮನಸ್ಸಿನಲ್ಲೇ ಆ ಸಾಲುಗಳನ್ನು ಎಣಿಸುತ್ತಿದ್ದಳು. ನೆಲದಿಂದ ಎಂಟು ಸಾಲು. ನಿಜವಾಗಿ ಎಂಟೇ? ಏಳಿರಬಹುದೇ? ಎಲ್ಲೋ ಎರಡಕ್ಕೊಂದು ಕಟ್ಟಿರಲಿಲ್ಲವೇ? ಮೂಲೆಯಲ್ಲಿ ಪೂರಾ ಕಟ್ಟಿದ ನೆನಪು. ಅದು ಆ ಗೋಡೆಯೋ, ಹಿಂದಿನ ಗೋಡೆಯೋ? ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು.

ಗಂಡಸರು ಹೊಳೆಯಿಂದ ಬಂದರು. ನಾಲ್ಕು ತಾಸಿಗೆ ಒಂಬತ್ತು ಮೀನು. ಬೆರಳುದ್ದದವು. ಮೇಲೆ ಬಣ್ಣದ ಕಾರ್ಖಾನೆ ಬಂದಮೇಲೆ ಹೊಳೆ ಹೀಗೇ. ಹಫಯ್‌ಳ ಸೋದರಮಾವ ಲೇಕಲ್ ಬುಟ್ಟಿ ಇಳಿಸಿ, ಒದ್ದೆ ಚಡ್ಡಿಯಲ್ಲೇ ಕಲ್ಲಿನ ಮೇಲೆ ಕೂತ. ಅವಳ ತಾಯಿಯ ತಮ್ಮ. ಮನೆಯ ಯಾವ ಮಾತಾದರೂ ಅವನ ಬಾಯಿಂದ ಬರಬೇಕು. ಇಪ್ಪತ್ತೆರಡು ಜನಕ್ಕೂ ಅವನೇ ಹಿರಿಯ. ಮೇಸ್ತ್ರಿ ಆಳು ಬೇಕೆಂದರೆ ಕೇಳುವುದೂ ಅವನನ್ನೇ.

"ಒಂಬತ್ತು ಸಾಕು. ತುತ್ತಿಗೊಂದು ಮುಳ್ಳಾದ್ರೂ ಬರ್ತದೆ," ಎಂದ ಲೇಕಲ್.

ಆಗಲೇ ಲ್ಯಾವ್ ಮೇಸ್ತ್ರಿಯ ಲಾರಿ ದಂಡೆಗೆ ಇಳಿಯಿತು.

ಮೇಸ್ತ್ರಿ ತಾನೇ ಒಂದು ಡ್ರಮ್ ಇಳಿಸಿದ. ಡ್ರಮ್ಮಿನಲ್ಲಿ ಜೀವಂತ ಮೀನು. ಪೇಟೆಯಲ್ಲಿ ಕೊಂಡ, ಮೊಳದುದ್ದದ ಮೀನು. ನೀರು ಎರಚಾಡುತ್ತಿದ್ದವು. ಎರಡು ಪೆಟ್ಟಿಗೆ ಬಿಯರ್ ಬೇರೆ.

"ಲೇಕಲ್ಲಣ್ಣ, ನಿಮ್ಮ ಹೊಳೇಲಿ ಮೀನಿಲ್ಲ ಅಂತ ನಂಗೊತ್ತಿಲ್ವ? ಇಪ್ಪತ್ತು ವರ್ಷದಿಂದ ನಿಮ್ ಜೊತೆ ಇದೀನಿ. ನಾನೂ ಅರ್ಧ ಕಾಡುಮಂದಿನೇ." ತಾನೇ ನಕ್ಕ. "ಚೆನ್ನಾಗಿ ಬೇಯ್ಸಿ. ಎಲ್ಲ ತಿಂದು ಮುಗಿಸ್ಬಿಡಿ. ನಾಳೆ ಆರಕ್ಕೆ ಲಾರಿ ಕಳಿಸ್ತೀನಿ. ಆ ಗೋಡೆ ಹಾಗೇ ಬಿದ್ದಿದೆ, ಕತ್ತರ್ಸಿ ಹಾಕಿ ಹೊಸದು ಕಟ್ಬೇಕು."

ಹೆಂಗಸರು ಮೀನು ಹೆರೆಯಲು ಕೂತರು. ಹೊಳೆಯ ಒಂಬತ್ತು ಮೀನು, ಪೇಟೆಯ ಮೀನು, ಎಲ್ಲ ಒಂದೇ ಪಾತ್ರೆಗೆ ಬಿದ್ದವು. ಶುಂಠಿ, ಉಪ್ಪು. ಪಾತ್ರೆ ಕುದಿಯಿತು. ಬೆಳಿಗ್ಗೆಯಿಂದ ಏನೂ ತಿನ್ನದ ಮಕ್ಕಳು ಪಾತ್ರೆಯ ಸುತ್ತ ಸೇರಿದರು.

ಮೇಸ್ತ್ರಿ ಹಫಯ್‌ಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಮಡಿಚಿದ ಕಾಗದ ತೆಗೆದ. ಶಾಯಿಯ ಡಬ್ಬಿ ತೆಗೆದ.

"ಇಲ್ಲೊಂದು ಹೆಬ್ಬೆಟ್ಟು ಹಾಕಮ್ಮ. ಆಫೀಸ್ನೋರು ಕೇಳ್ತಾರೆ. ಏನಿಲ್ಲ, ಬರೀ ಲೆಕ್ಕಕ್ಕೆ. ಹೆಣದ ಪೆಟ್ಟಿಗೆ, ಹೂವು, ಗಾಡಿ ಎಲ್ಲ ಕಂಪನಿನೇ ನೋಡ್ಕೊಂಡಿದೆ, ಗೊತ್ತಲ್ಲ."

ಹಫಯ್ ಕಾಗದವನ್ನು ಮಗಳು ಸೇರಳಿಗೆ ಕೊಟ್ಟಳು. ಸೇರ ಹಗಲು ರೇಡಿಯೋ ಕಾರ್ಖಾನೆಯಲ್ಲಿ, ಸಂಜೆ ಸ್ಕೂಲಿನಲ್ಲಿ. ಮನೆಯಲ್ಲಿ ಓದಲು ಬರುವವಳು ಅವಳೊಬ್ಬಳೇ.

"ಜೋರಾಗಿ ಓದು," ಎಂದಳು ಹಫಯ್.

"ಯಾಕೆ ಸುಮ್ನೆ, ಮಗು ಅಳ್ತದೆ," ಎಂದ ಮೇಸ್ತ್ರಿ.

ಸೇರ ಓದಿದಳು. "ಮೃತ ಲಿನ್ ಚಿನ್-ಫು ಎಂಬಾತನು..."

ಲಿನ್ ಚಿನ್-ಫು ಯಾರೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಅದು ಕೋಲಸ್‌ನ ಸರ್ಕಾರಿ ಹೆಸರು. ಅವನು ಹುಟ್ಟಿದಾಗ ಯಾವುದೋ ಗುಮಾಸ್ತ ಬರೆದುಕೊಂಡದ್ದು. ಹಟ್ಟಿಯಲ್ಲಿ ಅವನನ್ನು ಹಾಗೆ ಯಾರೂ ಕರೆದಿರಲಿಲ್ಲ.

"...ಕೆಲಸದ ವೇಳೆಯಲ್ಲಿ ಮದ್ಯಪಾನ ಮಾಡಿದ್ದು, ತನ್ನ ಪಾಲಿನ ಕಂಬಿಗಳನ್ನು ಸರಿಯಾಗಿ ಬಿಗಿಯದೆ ಅಜಾಗರೂಕತೆ ತೋರಿದ್ದರಿಂದ..." ಸೇರ ಆ ಸಾಲಿಗೆ ಬೆರಳಿಟ್ಟಳು. ಮುಂದೆ ಓದಿದಳು. "...ಕಂಬಿ ಕುಸಿದು ಮೃತಪಟ್ಟಿರುತ್ತಾನೆ. ಇದರಲ್ಲಿ ಗುತ್ತಿಗೆದಾರರ ತಪ್ಪೇನೂ ಇರುವುದಿಲ್ಲ ಎಂದು ಅವನ ಹೆಂಡತಿಯಾದ ನಾನು ಒಪ್ಪಿ..."

"ಸಾಕು," ಎಂದ ಲೇಕಲ್.

"ಅವನು ಕುಡಿದಿರ್ಲಿಲ್ಲ," ಎಂದಳು ಹಫಯ್.

"ಏನಮ್ಮ ನೀನು. ಕೋಲಸ್ ಕುಡೀತಿರ್ಲಿಲ್ವ? ನನ್ ಜೊತೇಲೇ ಎಷ್ಟು ಸಲ ಕುಡ್ದಿದಾನೆ."

"ಕುಡೀತಿದ್ದ. ಸಂಜೆ. ಅವತ್ತು ಮಧ್ಯಾಹ್ನ ಅನ್ನ, ಉಪ್ಪಿನ ಹಂದಿ ತಿಂದ. ಎಲೆ ಅಡಿಕೆ ಹಾಕ್ದ. ಅಷ್ಟೇ."

"ಕಾಗದಕ್ಕೆ ಒಂದು ಕಾರಣ ಬೇಕಲ್ಲಮ್ಮ! ಸತ್ತೋನಿಗೆ ಇದರಿಂದ ಏನ್ ಹೋಗ್ತದೆ? ಇದ್ದೋರು ಇಪ್ಪತ್ತೊಂದು ಜನ ಇದೀರ. ಇನ್ನೆರಡು ವರ್ಷದ ಕೆಲಸ ಇದೆ ಆ ಜಾಗದಲ್ಲಿ. ವಿಚಾರಣೆ ಅದೂ ಇದೂ ಅಂತ ಬೀಗ ಬಿದ್ರೆ ನಿಮ್ಮನ್ನ ಯಾರು ಕರೀತಾರೆ?" ಮೇಸ್ತ್ರಿ ಲೇಕಲ್‌ನ ಕಡೆ ತಿರುಗಿದ. "ನೀನೇ ಹೇಳಣ್ಣ."

ಲೇಕಲ್ ತನ್ನ ಪಾದ ನೋಡಿಕೊಂಡ. ಅವನ ಎಡಗಾಲಿಗೆ ಎರಡು ಬೆರಳಿರಲಿಲ್ಲ. ಅವೂ ಒಂದು ಗೋಡೆಯೊಳಗೆ ಹೋಗಿದ್ದವು.

"ಹಾಕಮ್ಮ," ಎಂದ ಮೆಲ್ಲಗೆ. "ಕೋಲಸ್ ಎಂಥೋನು ಅಂತ ನಮಗೆ ಗೊತ್ತು. ಅವರ ಕಾಗದ ಅವರ ಹತ್ರ ಇರ್ಲಿ. ಮೊದಲು ಮೀನು ತಿನ್ನು. ಮಕ್ಳು ಹಸ್ದಿವೆ."

ಒಸಯ್ ಬಟ್ಟಲಿಗೆ ಸಾರು ಹಾಕಿದಳು. ಹೊಳೆಯ ಮೀನು ಒಂದು, ಪೇಟೆಯ ಮೀನಿನ ತುಂಡು ಒಂದು. ಮೊದಲ ಬಟ್ಟಲು. ಹಫಯ್ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಸಿ ಅಂಗೈಗೆ ತಾಕಲಿಲ್ಲ. ಇಪ್ಪತ್ತು ವರ್ಷದ ದಡ್ಡು ಇತ್ತು ಅಲ್ಲಿ.

ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು.

ತಿಂದರೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಿಂದರೆ ಕೆಳಗಿನ ಸಾಲಿನ ವಿಷಯ ಯಾರೂ ಕೇಳುವುದಿಲ್ಲ. ಯಾರಿಗೂ ಗೊತ್ತಾಗುವುದೇ ಇಲ್ಲ. ನಾಳೆ ಗೋಡೆ ಕತ್ತರಿಸುತ್ತಾರೆ. ಅವನ ಗಂಟೂ ಹೋಗುತ್ತದೆ, ಅವಳದೂ ಹೋಗುತ್ತದೆ. ನಾಡಿದ್ದಿನಿಂದ ಮತ್ತೆ ಮೂರಕ್ಕೊಂದು. ಅದರ ಮೇಲೆ ಯಾರೋ ಹತ್ತಿ ನಿಲ್ಲುತ್ತಾರೆ. ಒಸಯ್‌ಳ ಗಂಡನೇ ಇರಬಹುದು.

ಅವಳು ಬಟ್ಟಲನ್ನು ನೆಲಕ್ಕಿಟ್ಟಳು.

"ನಾನು ತಿನ್ನಲ್ಲ ಮಾವ."

"ಏನಂದೆ?"

"ತಿನ್ನಲ್ಲ. ಇನ್ನೂ ಮುಗ್ದಿಲ್ಲ."

"ನೀನು ತಿನ್ನದೆ ಇಲ್ಲಿ ಯಾರೂ ತಿನ್ನೋ ಹಾಗಿಲ್ಲ. ಯಾರೂ ಕೆಲಸಕ್ಕೆ ಹೋಗೋ ಹಾಗಿಲ್ಲ. ಗೊತ್ತಾ ನಿಂಗೆ?"

"ಗೊತ್ತು."

ಮೇಸ್ತ್ರಿ ಎದ್ದು ನಿಂತ. "ಏಯ್, ಇದೇನು ಹೊಸ ನಾಟಕ?"

ಹಫಯ್ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ, ಮೇಸ್ತ್ರಿಯ ಬೂಟು ನೋಡುತ್ತಾ ಹೇಳಿದಳು. "ಕೋಲಸ್‌ನ ಗಂಟು ಬಿಚ್ಕೊಂಡಿಲ್ಲ. ಅವನು ಎಲ್ಲ ಕಟ್ಟಿದ್ದ. ನೀವು ಕೊಡದೆ ಇದ್ದ ತಂತಿನ ಗುಜರಿಯಿಂದ ಆರಿಸ್ಕೊಂಡು ಬಂದು ಕಟ್ಟಿದ್ದ. ಮಡಿಚ್ಕೊಂಡಿದ್ದು ಕೆಳಗಿನ ಸಾಲು. ಅದನ್ನ ಕಟ್ಟಿದ್ದು ನಾನು. ಮೂರಕ್ಕೊಂದು. ಹಾಗೇ ಬರೀರಿ. ಯಾರು ಹೇಳಿದ್ರು ಅಂತಾನೂ ಬರೀರಿ. ಆಸರೆ ಕಂಬ ಯಾರು ಕೀಳಿಸಿದ್ರು ಅಂತಾನೂ ಬರೀರಿ. ಆಮೇಲೆ ಹೆಬ್ಬೆಟ್ಟು ಹಾಕ್ತೀನಿ."

ಸೇರ ತಾಯಿಯ ಮುಖವನ್ನೇ ನೋಡಿದಳು. ಇದು ಅವಳಿಗೂ ಹೊಸದು.

ಮೇಸ್ತ್ರಿ ಅವಳ ಹತ್ತಿರ ಬಗ್ಗಿದ. ದನಿ ತಗ್ಗಿಸಿದ. ಆದರೆ ಎಲ್ಲರಿಗೂ ಕೇಳಿಸಿತು. "ಹಾಗಾದ್ರೆ ನಿನ್ ಗಂಡನ್ನ ಕೊಂದಿದ್ದು ನೀನು ಅಂತಾಯ್ತು. ಅದನ್ನೂ ಬರೀಲಾ?"

ಐದು ದಿನದಿಂದ ಅವಳು ತನಗೆ ತಾನೇ ಕೇಳಿಕೊಂಡದ್ದು ಅದನ್ನೇ. ಈಗ ಬೇರೆಯವನ ಬಾಯಲ್ಲಿ ಬಂತು.

"ಬರೀರಿ," ಎಂದಳು.

ಮೇಸ್ತ್ರಿ ಬಟ್ಟಲನ್ನು ಬೂಟಿನಿಂದ ತಳ್ಳಿದ. ಸಾರು ಮಣ್ಣಿಗೆ ಚೆಲ್ಲಿತು. ಹೊಳೆಯ ಮೀನು ಬಾಯಿ ತೆರೆದು ಬಿತ್ತು. ಹಟ್ಟಿಯವರು ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಂಡರು. ಪಾಕಲಂಗ್‌ನ ಬಟ್ಟಲನ್ನು ಅದುವರೆಗೆ ಯಾರೂ ಕಾಲಲ್ಲಿ ಮುಟ್ಟಿದ್ದಿಲ್ಲ.

"ನಾಳೆ ಆರಕ್ಕೆ ಲಾರಿ ಬರ್ತದೆ," ಎಂದ ಮೇಸ್ತ್ರಿ, ಲೇಕಲ್‌ಗೆ. "ಹತ್ತೋರು ಹತ್ತಿ. ಹತ್ತದೆ ಇದ್ದೋರು ಇನ್ನು ಯಾವತ್ತೂ ಹತ್ತೋದು ಬೇಡ." ಬಿಯರ್ ಪೆಟ್ಟಿಗೆಗಳನ್ನು ಮತ್ತೆ ಲಾರಿಗೆ ಹಾಕಿಕೊಂಡು ಹೋದ.

ಯಾರೂ ಹಫಯ್‌ಳ ಹತ್ತಿರ ಬರಲಿಲ್ಲ. ಯಾರೂ ಶಹಬಾಸ್ ಎನ್ನಲಿಲ್ಲ. ಪಾತ್ರೆ ಒಲೆಯ ಮೇಲೆಯೇ ಆರಿತು. ಒಸಯ್ ತನ್ನ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗುವಾಗ ಹೇಳಿದಳು, "ನಿನ್ ಗಂಡ ಹೋದ, ಅಳ್ತೀನಿ. ಆದ್ರೆ ನನ್ ಮಕ್ಳ ಬಾಯಿಗೆ ಯಾಕೆ ಮಣ್ ಹಾಕ್ತೀಯ? ನಾನೂ ಮೂರಕ್ಕೊಂದೇ ಕಟ್ಟಿದ್ದು. ನಂಗೇನು ನಿದ್ದೆ ಬರ್ತಿದೆಯಾ?"

ಲೇಕಲ್ ಪಾತ್ರೆಯನ್ನು ಒಬ್ಬನೇ ಹೊತ್ತುಕೊಂಡು ಹೋಗಿ ಹೊಳೆಗೆ ಸುರಿದು ಬಂದ. ಹಫಯ್‌ಳ ಬಾಗಿಲು ದಾಟುವಾಗ ಮುಖ ತಿರುಗಿಸಿದ.

ಬೆಳಿಗ್ಗೆ ಆರಕ್ಕೆ ಲಾರಿ ಬಂತು. ಹಾರ್ನ್ ಹೊಡೆಯಿತು. ಹಫಯ್ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಬ್ಬರೂ ಹೊರಬರಲಿಲ್ಲ. ಇದು ಧೈರ್ಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಸತ್ತವನ ಭಯ. ಮೀನು ತಿನ್ನದೆ ಕೊಕ್ಕೆ ಹಿಡಿದರೆ ಕೋಲಸ್ ಲಾರಿ ಹತ್ತಿ ಪಕ್ಕದಲ್ಲೇ ಕೂರುತ್ತಾನೆ. ಲಾರಿ ಕಾಲು ಗಂಟೆ ನಿಂತು ಖಾಲಿಯಾಗಿ ಹೋಯಿತು. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಲಾರಿ ಬರಲಿಲ್ಲ.

ಹಟ್ಟಿಯಲ್ಲಿ ಹಗಲು ಹೊತ್ತು ಗಂಡಸರು ಇರುವುದೇ ಒಂದು ಅಪಶಕುನದ ಹಾಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿರುತ್ತಿದ್ದರು. ನಲ್ಲಿಯ ಹತ್ತಿರ ಹಫಯ್ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳು ದಿನಕ್ಕೆ ನೂರು ಸಲ ಕೇಳಿಕೊಂಡಳು. ಬಾಗಿಲಿಗೆ ಒಂದು ಹಿಡಿ ಅಕ್ಕಿ ತಂದಿಟ್ಟವರು ಯಾರೂ ಇಲ್ಲ. ಬೈದವರೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರನೆಯ ದಿನ ಮಧ್ಯಾಹ್ನ ಒಸಯ್ ಬಂದು ಬಾಗಿಲ ಹೊರಗೇ ನಿಂತಳು. ಮುಖ ಬೇರೆ ಕಡೆಗಿತ್ತು.

"ಬಡಗಿ ಹೇಳ್ದ. ಮೇಸ್ತ್ರಿ ದಕ್ಷಿಣದಿಂದ ಬೇರೆ ಆಳು ತಂದಿದಾನಂತೆ. ಗೋಡೆ ಕಂಬಿನ ಗ್ಯಾಸಲ್ಲಿ ಕತ್ತರಿಸ್ತಿದಾರೆ. ಸಂಜೆ ಗುಜರಿ ಗಾಡಿ ಬರ್ತದಂತೆ."

ಹಫಯ್ ಎದ್ದಳು. ಕೊಕ್ಕೆ ಮುಟ್ಟಲಿಲ್ಲ. ಬರಿಗೈಯಲ್ಲಿ ಹೊರಟಳು. ಸೇತುವೆ ಹತ್ತುವ ಮೆಟ್ಟಿಲ ಹತ್ತಿರ ಹಿಂದೆ ಹೆಜ್ಜೆ ಕೇಳಿಸಿತು. ಕುಂಟುವ ಹೆಜ್ಜೆ.

"ನಿನ್ನೊಬ್ಬಳನ್ನ ಒಳಗೆ ಬಿಡಲ್ಲ," ಎಂದ ಲೇಕಲ್.

ಗೇಟಿನ ಕಾವಲಿನವನು ಮುದುಕ. ಯಾವುದೋ ಕಾಲದ ಸಿಪಾಯಿ, ಕಡಲಾಚೆಯ ಊರು ಬಿಟ್ಟು ಬಂದವನು. ಹಫಯ್‌ಳನ್ನು ಗುರುತಿಸಿದ.

"ಮೇಸ್ತ್ರಿ ಊಟಕ್ಕೆ ಹೋಗಿದಾನೆ. ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ," ಎಂದು ಬೆನ್ನು ತಿರುಗಿಸಿ ಕೂತ.

ಕತ್ತರಿಸಿದ ಕಂಬಿ ಗೋಡೆಯ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಮೊಳದುದ್ದ, ಮಾರುದ್ದ. ತುದಿಗಳು ಸುಟ್ಟು ನೀಲಿ ತಿರುಗಿದ್ದವು. ಇನ್ನೂ ಬಿಸಿಯಿತ್ತು. ಹಫಯ್ ರಾಶಿಯ ಮುಂದೆ ಮಂಡಿಯೂರಿದಳು. ಒಂದೊಂದನ್ನೇ ಎಳೆದಳು.

ಮೊದಲು ಸಿಕ್ಕಿದ್ದು ಮಡಿಚಿದ ಕೆಳಗಿನ ಸಾಲು, ಅವಳದೇ. ಕಂಬಿ ಕಂಬಿಯ ಮೇಲೆ ಜಾರಿದ ಹೊಳೆಯುವ ಗೀರು. ಗಂಟಿಲ್ಲ. ಮುಂದಿನದರಲ್ಲೂ ಇಲ್ಲ. ಅದರ ಮುಂದಿನದರಲ್ಲಿ ಹರಿದ ತಂತಿಯ ಬಲಸುತ್ತಿನ ಜುಟ್ಟು. ಒಂದು ಕಟ್ಟಿದ್ದು, ಎರಡು ಬಿಟ್ಟದ್ದು. ಅವಳ ಎಣಿಕೆ ತಪ್ಪಿರಲಿಲ್ಲ. ತಪ್ಪಿದ್ದರೆ ಎಂದು ಇಷ್ಟು ದಿನವೂ ಆಸೆಪಟ್ಟಿದ್ದಳು.

"ಇಲ್ನೋಡು," ಎಂದ ಲೇಕಲ್.

ಅವನ ಕೈಯಲ್ಲಿ ಒಂದು ತುಂಡಿತ್ತು. ಅಡ್ಡ ಒಂದು ಕಂಬಿ, ಉದ್ದ ಒಂದು ಕಂಬಿ. ನಾಲ್ಕೂ ಕಡೆ ಗ್ಯಾಸು ಕತ್ತರಿಸಿತ್ತು. ನಾಲ್ಕೂ ತೋಳು ಸೊಟ್ಟಗಾಗಿದ್ದವು. ನಡುವೆ ತುಕ್ಕಿನ ತಂತಿಯ ಗಂಟು. ಎಡಕ್ಕೆ ಸುತ್ತಿದ್ದು.

ಲೇಕಲ್ ಎರಡು ಕಂಬಿಯನ್ನೂ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ತಿರುಚಿ ನೋಡಿದ. ಐವತ್ತು ವರ್ಷ ಹೊರೆ ಹೊತ್ತ ಕೈ. ಗಂಟು ಕದಲಲಿಲ್ಲ. ಅವನು ಮತ್ತೊಮ್ಮೆ ತಿರುಚಿದ. ಆಮೇಲೆ ಆ ತುಂಡನ್ನು ಎದೆಗೆ ಒತ್ತಿಕೊಂಡು, ಮುಖ ಗೋಡೆಯ ಕಡೆ ಮಾಡಿಕೊಂಡು ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಹಫಯ್ ನೋಡಲಿಲ್ಲ. ರಾಶಿಯಿಂದ ತನ್ನ ಸಾಲಿನ ಎರಡು ತುಂಡು ಆರಿಸಿಕೊಂಡಳು. ಉದ್ದದ್ದು ಒಂದು, ಅಡ್ಡದ್ದು ಒಂದು. ಒಂದರ ಗೀರು ಇನ್ನೊಂದರ ಗೀರಿಗೆ ಕೂಡುತ್ತಿತ್ತು. ಲೇಕಲ್‌ನ ಕೈಯ ತುಂಡನ್ನೂ ತೆಗೆದುಕೊಂಡು, ಸೆರಗಿನ ಹಾಗೆ ಹೆಗಲಿಗೆ ಹಾಕಿದ್ದ ಕೋಲಸ್‌ನ ಟವಲಿನಲ್ಲಿ ಮೂರನ್ನೂ ಸುತ್ತಿದಳು.

ಮರುದಿನ ಅವರು ಕಾರ್ಮಿಕ ಕಚೇರಿಗೆ ಹೋದರು. ಹಫಯ್, ಲೇಕಲ್, ಸೇರ. ಹಟ್ಟಿ ದಾಟುವಾಗ ಹಿಂದಿನಿಂದ ಒಸಯ್ ಬಂದು ಸೇರಿಕೊಂಡಳು. ಅವಳ ಕೈಯಲ್ಲಿ ಎರಡು ಕಟ್ಟು ತಂತಿಯ ಖಾಲಿ ಸುತ್ತುಕಾಗದ ಇತ್ತು. ಅವತ್ತು ಆಳಿಗೆ ಎರಡೇ ಕಟ್ಟು ಕೊಟ್ಟದ್ದಕ್ಕೆ ಅಷ್ಟೇ ಸಾಕ್ಷಿ ಎಂದು ಎಲ್ಲರಿಗೂ ಗೊತ್ತಿತ್ತು.

ಕಚೇರಿಯಲ್ಲಿ ಬೆಳಗಿನಿಂದ ಕೂರಿಸಿದರು. ಮಧ್ಯಾಹ್ನದ ಮೇಲೆ ಒಬ್ಬ ಹುಡುಗಪ್ರಾಯದ ಗುಮಾಸ್ತ ಕರೆದ. ಶುಭ್ರ ಅಂಗಿ. ಮೇಜಿನ ಮೇಲೆ ಗಾಜು.

"ಮೃತರ ಹೆಸರು?"

"ಕೋಲಸ್," ಎಂದಳು ಹಫಯ್.

ಸೇರ ಬಾಯಿ ತೆರೆದಳು. ತಾಯಿ ಅವಳ ಮಣಿಕಟ್ಟು ಹಿಡಿದಳು.

"ಕೋಲಸ್," ಎಂದಳು ಮತ್ತೆ. "ಅದನ್ನ ಮೊದಲು ಬರ್ಕೊಳ್ಳಿ. ಆಮೇಲೆ ನೀವು ಬರ್ಕೊಂಡಿರೋ ಹೆಸರು ಹೇಳ್ತೀನಿ."

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ಬರೆದುಕೊಂಡ. ಟವಲಿನ ಗಂಟು ನೋಡಿ ಕೇಳಿದ, "ಅದೇನು?"

ಹಫಯ್ ಟವಲು ಬಿಚ್ಚಿದಳು. ಮೊದಲು ಕೋಲಸ್‌ನ ತುಂಡನ್ನು ಗಾಜಿನ ಮೇಲೆ ಮೆಲ್ಲಗಿಟ್ಟಳು. ಆಮೇಲೆ ಪಕ್ಕದಲ್ಲಿ ಎರಡು ಬಿಡಿ ಕಂಬಿ.

"ಇದು ನನ್ನ ಗಂಡ ಕಟ್ಟಿದ್ದು. ಅವನು ಎಡಚ. ಬಿಚ್ಚಿ ನೋಡಿ."

ಗುಮಾಸ್ತ ಬೆರಳ ತುದಿಯಿಂದ ಗಂಟು ಮುಟ್ಟಿದ. ಎಳೆದು ನೋಡಿದ. ಕೈ ತೆಗೆದ. ಬೆರಳಿಗೆ ತುಕ್ಕು ಹತ್ತಿತ್ತು.

"ಮತ್ತೆ ಈ ಎರಡು ಬಿಡಿ ಕಂಬಿ ಯಾಕೆ ತಂದಿದೀರಿ?"

ಲೇಕಲ್ ಹಫಯ್‌ಳ ಬೆನ್ನ ಮೇಲೆ ಕೈಯಿಟ್ಟ. ಅವಳು ಎರಡೂ ಕಂಬಿಯನ್ನು ಒಂದರ ಮೇಲೊಂದು ಅಡ್ಡಲಾಗಿ ಇಟ್ಟು, ಗೀರಿಗೆ ಗೀರು ಕೂಡಿಸಿ, ಕೈಬಿಟ್ಟಳು. ಮೇಲಿನದು ಜಾರಿ ಗಾಜಿನ ಮೇಲೆ ಬಿತ್ತು. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇದು ನಾನು ಕಟ್ಟಿದ್ದು," ಎಂದಳು. "ಮೇಸ್ತ್ರಿ ಹೇಳ್ದ ಹಾಗೆ."

ಗುಮಾಸ್ತ ಹೊಸ ಹಾಳೆ ತೆಗೆದುಕೊಂಡ.

ಹಟ್ಟಿಯಲ್ಲಿ ಇನ್ನೂ ಯಾರೂ ಕೋಲಸ್‌ನ ಸಾವಿನ ಮೀನು ತಿಂದಿರಲಿಲ್ಲ.